ಸಾರಕ್ಕಿಯ ಜಗಲಿಯಲ್ಲಿ ತುಂಬಿದ ಹನ್ನೊಂದು ಫಾರಂ

ನನ್ನ ಕೈಯಲ್ಲಿದ್ದ ಕಾರ್ಡಿನಲ್ಲಿ ಆರು ಕಾರಣಗಳಿದ್ದವು. ಪ್ಲಾಸ್ಟಿಕ್ ಹೊದಿಸಿದ ದಪ್ಪ ಕಾರ್ಡು. ಒಂದು ಮನೆಯಲ್ಲಿ ತೋರಿಸಿ, ಸ್ಯಾನಿಟೈಸರ್ ಹಾಕಿ ಒರೆಸಿ, ಮುಂದಿನ ಮನೆಗೆ ಹೋಗಬೇಕು. ಮಾಸ್ಕ್ ಹಾಕುವುದು, ಲಸಿಕೆ ಹಾಕಿಸಿಕೊಳ್ಳುವುದು, ಮದುವೆ ಮುಂಜಿಗೆ ಜನ ಸೇರಿಸದಿರುವುದು, ಇದನ್ನೆಲ್ಲ ನೀವು ಒಪ್ಪುತ್ತೀರಾ ಅಂತ ಮೊದಲು ಕೇಳಬೇಕು. ಹೂಂ ಅಂದವರಿಗೆ ಕಾರ್ಡು ತೋರಿಸಿ, ಯಾಕೆ ಅಂತ ಕೇಳಬೇಕು. ಒಂದು, ನನಗೆ ಕಾಯಿಲೆ ಬರಬಾರದು. ಎರಡು, ನನ್ನ ಮನೆಯವರಿಗೆ ಬರಬಾರದು. ಮೂರು, ನನ್ನಿಂದ ಬೇರೆಯವರಿಗೆ ಹೋಗಬಾರದು. ನಾಲ್ಕು, ದಂಡ ಹಾಕುತ್ತಾರೆಂಬ ಭಯ. ಐದು, ಜನ ಏನಂದುಕೊಳ್ಳುತ್ತಾರೋ ಎಂಬ ಸಂಕೋಚ. ಆರು, ಸರ್ಕಾರದವರು, ಡಾಕ್ಟರು ಹೇಳಿದ್ದಾರೆ ಅಂತ.

ಆರರಲ್ಲಿ ಒಂದನ್ನು ಮಾತ್ರ ಆರಿಸಬೇಕು. ಒಂದೇ ಕಾರಣಕ್ಕೆ ಯಾರು ತಾನೆ ಏನು ಮಾಡುತ್ತಾರೆ ಸ್ವಾಮಿ ಅಂತ ತರಬೇತಿಯ ದಿನವೇ ನಾನು ತಕರಾರು ತೆಗೆದಿದ್ದೆ. "ಮೇಡಂ, ಮುಖ್ಯವಾದ್ದು ಒಂದು ಸಾಕು" ಅಂದರು ನಮ್ಮ ಸೂಪರ್‌ವೈಸರ್. ಮನಶ್ಶಾಸ್ತ್ರ ಓದಿದ ಹುಡುಗ, ನನ್ನ ಅರ್ಧ ವಯಸ್ಸು. ಜನರ ಮನಸ್ಸು ತಿಳಿಯುವುದು ಅವರ ಕೆಲಸ, ಬಾಗಿಲು ತಟ್ಟುವುದು ನನ್ನ ಕೆಲಸ. ಸರಿ ಬಿಡಪ್ಪ ಅಂತ ಸುಮ್ಮನಾದೆ.

ಕೊರೋನಾದ ಎರಡನೇ ಅಲೆ ಇಳಿದು, ಲಾಕ್‌ಡೌನ್ ಸಡಿಲವಾಗಿದ್ದ ತಿಂಗಳದು. ನನಗೆ ಸಿಕ್ಕಿದ್ದು ಸಾರಕ್ಕಿಯ ಹಳೇ ಊರಿನ ಬೀದಿಗಳು, ಮಾರ್ಕೆಟ್ಟಿನ ಹಿಂದಿನವು. ಬೀದಿಯ ಮೊದಲ ಮನೆಯಿಂದ ಶುರು ಮಾಡಿ ಪ್ರತಿ ಮೂರನೆಯ ಮನೆ. ಒಳಗೆ ಹೋಗಕೂಡದು. ಬಾಗಿಲಲ್ಲೇ ನಿಂತು, ಅವರೊಬ್ಬರನ್ನೇ ಕೇಳಬೇಕು, ಪಕ್ಕದಲ್ಲಿ ಯಾರೂ ಇರಬಾರದು. ಉತ್ತರ ಟ್ಯಾಬಿನಲ್ಲಿ ಒತ್ತಬೇಕು. ಕೊನೆಗೆ ಫೋನ್ ನಂಬರ್ ಪಡೆಯಬೇಕು, ಯಾಕೆಂದರೆ ನಾವು ನಿಜವಾಗಿ ಹೋಗಿದ್ದೆವಾ ಅಂತ ಆಫೀಸಿನವರು ಕೆಲವರಿಗೆ ಫೋನ್ ಮಾಡಿ ಅದೇ ಪ್ರಶ್ನೆ ಕೇಳುತ್ತಾರೆ. ಬೇವಿನ ಮರದ ಕೆಳಗೆ ಕೂತು ತಾವೇ ಫಾರಂ ತುಂಬುವ ಕಳ್ಳರು ನಮ್ಮ ಕಸುಬಿನಲ್ಲಿ ಇಲ್ಲವೆನ್ನಲಾರೆ.

ನಾನು ಹೇಳಹೊರಟಿರುವ ಬೀದಿ ಬಲು ಇಕ್ಕಟ್ಟು. ಎರಡೂ ಕಡೆ ಮೂರು ಮಹಡಿಯ ಬಾಡಿಗೆ ಕಟ್ಟಡಗಳು, ಕೆಳಗೆ ಸಾಲಾಗಿ ಬೈಕುಗಳು, ನಿಲ್ಲಲು ಜಾಗವಿಲ್ಲ. ನಡುವೆ ಒಂದೇ ಒಂದು ಹೆಂಚಿನ ಮನೆ ಉಳಿದಿತ್ತು, ಅದಕ್ಕೊಂದು ಅಗಲವಾದ ಜಗಲಿ. ಜಗಲಿಯ ಒಂದು ತುದಿಯಲ್ಲಿ ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಸೀರೆಗೆ ಕುಚ್ಚು ಕಟ್ಟುತ್ತ ಕೂತಿದ್ದರು. ಮಾಸ್ಕಿನ ಮೇಲೊಂದು ಮಾಸ್ಕು. ನನ್ನ ಮಂಡಿ ಹಿಡಿದುಕೊಂಡು ನಾನು ಒದ್ದಾಡುತ್ತಿದ್ದುದನ್ನು ನೋಡಿ ಅವರೇ ಕರೆದರು.

"ಮೇಡಂ, ಯಾಕೆ ಅಲೀತೀರಾ? ಬಂದು ಆ ತುದೀಲಿ ಕೂತ್ಕೊಳ್ಳಿ. ಎಲ್ಲಾರೂ ಇಲ್ಲೇ ಓಡಾಡ್ತಾರೆ, ಕರೆದ್ರೆ ಬರ್ತಾರೆ."

ಕೂತೆ. ಪೇಪರ್ ಲೋಟದಲ್ಲಿ ನೀರು ಇಟ್ಟು ದೂರ ಸರಿದರು. ಆ ಕ್ಷಣಕ್ಕೆ ಅವರು ದೇವತೆಯಂತೆ ಕಂಡರು, ಸುಳ್ಳು ಯಾಕೆ ಹೇಳಲಿ. ಅವರ ಮನೆ ಮೂರನೆಯದರ ಲೆಕ್ಕಕ್ಕೆ ಬರಲಿಲ್ಲ, ಹಾಗಾಗಿ ಅವರನ್ನು ಕೇಳುವ ಪ್ರಮೇಯ ಇರಲಿಲ್ಲ. ಲೆಕ್ಕಕ್ಕೆ ಬಂದ ಹನ್ನೊಂದು ಮನೆಯವರು ಒಬ್ಬೊಬ್ಬರಾಗಿ ಜಗಲಿಯ ಮುಂದೆ ಬಂದು ನಿಂತು ಉತ್ತರ ಕೊಟ್ಟು ಹೋದರು. ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ಇಂಥ ಬೀದಿ ದಿನಾ ಸಿಗಬಾರದೇ ಅಂದುಕೊಂಡೆ.

ಆ ಬೀದಿಯಲ್ಲಿ ಬೇಡ ಅಂದವರು ಒಬ್ಬರೂ ಇರಲಿಲ್ಲ. ಮಾಸ್ಕು ಬೇಕು, ಲಸಿಕೆ ಬೇಕು, ಜನ ಸೇರಕೂಡದು, ಎಲ್ಲಕ್ಕೂ ‘ಪೂರ್ತಿ ಒಪ್ಪುತ್ತೇನೆ’. ಕಾರಣ ಕೇಳಿದರೆ ಎಲ್ಲರದೂ ನಾಲ್ಕನೆಯದು, ದಂಡ. ಕಟ್ಟಡಗಳ ಮಾಲೀಕರಾದ ಯಜಮಾನರೊಬ್ಬರು, ಒಂದು ಕಾಲಕ್ಕೆ ಕೆರೆ ಹಿಂದೆ ಗದ್ದೆ ಮಾಡಿದವರು, ಗಂಟಲು ಹರಿಯುವಂತೆ ಹೇಳಿದ್ದರು: "ದಂಡ ಹಾಕ್ತಾರೆ ಕಣವ್ವ! ಇಲ್ದಿದ್ರೆ ಈ ಮೂಗುದಾರ ಯಾವನು ಹಾಕ್ಕಂತಾನೆ?" ಆಟೋ ಓಡಿಸುವವರೊಬ್ಬರು, ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿ, ಎಲ್ಲರದೂ ಅದೇ ರಾಗ. ನಾನು ನಾಲ್ಕು ಒತ್ತಿದೆ, ನಾಲ್ಕು ಒತ್ತಿದೆ, ನಾಲ್ಕು ಒತ್ತಿದೆ.

ಮೂರನೇ ದಿನ ಸೂಪರ್‌ವೈಸರ್ ಆಫೀಸಿಗೆ ಕರೆಸಿದರು. ಜೆ.ಪಿ. ನಗರದಲ್ಲಿ ಬೇಕರಿಯೊಂದರ ಮೇಲೆ ನಮ್ಮ ಆಫೀಸು. ಮೆಟ್ಟಿಲು ಹತ್ತುವಾಗ ಬಿಸಿ ಬನ್ನಿನ ವಾಸನೆ ಬರುತ್ತಿತ್ತು, ಶಹಭಾಸ್‌ಗಿರಿ ಸಿಗುತ್ತದೆ ಅಂತ ಖುಷಿಯಾಗಿ ಹತ್ತಿದೆ.

"ಮೇಡಂ, ಬೇಜಾರ್ ಮಾಡ್ಕೋಬೇಡಿ. ಆ ಬೀದೀಲಿ ನಾಲ್ಕು ಜನಕ್ಕೆ ಫೋನ್ ಮಾಡಿದ್ವಿ. ನೀವು ನಾಲ್ಕು ಅಂತ ಹಾಕಿದೀರ. ನಾಲ್ಕೂ ಜನ ಫೋನಲ್ಲಿ ಮೂರು ಅಂದ್ರು."

"ಅಂದ್ರೆ?"

"ನನ್ನಿಂದ ಬೇರೆಯವರಿಗೆ ಹೋಗಬಾರದು ಅಂತ."

"ಸುಳ್ಳು! ನನ್ನ ಕಿವಿಯಾರೆ ಕೇಳಿದೀನಿ."

ಅವರು ಪೆನ್ನು ತಿರುಗಿಸುತ್ತ ಕೂತರು. "ಸಾಮಾನ್ಯವಾಗಿ ಉಲ್ಟಾ ಆಗತ್ತೆ ಮೇಡಂ. ಎದುರಿಗೆ ನಿಂತಾಗ ಜನ ದೊಡ್ಡ ಮಾತು ಆಡ್ತಾರೆ, ಸಮಾಜ, ಪರೋಪಕಾರ ಅಂತ. ಒಂಟಿಯಾಗಿ ಕೇಳಿದಾಗ ದಂಡದ ಭಯ ಅಂತ ಬಾಯಿ ಬಿಡ್ತಾರೆ. ಇಲ್ಲಿ ಎದುರಿಗೆ ಸಣ್ಣ ಮಾತು, ಫೋನಲ್ಲಿ ದೊಡ್ಡ ಮಾತು. ನಾನು ಇದನ್ನ ಎಲ್ಲೂ ನೋಡಿಲ್ಲ. ಅದೂ ಅಲ್ದೆ ಆ ಬೀದಿಗೆ ದಂಡ ಹಾಕೋ ಮಾರ್ಷಲ್‌ಗಳು ಒಂದ್ಸಲಾನೂ ಬಂದಿಲ್ವಂತೆ."

ಮುಂದಿನದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳುವುದೇನಿತ್ತು? ಹನ್ನೊಂದು ಫಾರಂ, ಎಲ್ಲದರಲ್ಲೂ ಒಂದೇ ಉತ್ತರ, ಎಲ್ಲವೂ ಒಂದೇ ಜಾಗದಿಂದ ಕಳಿಸಿದ್ದು ಅಂತ ಟ್ಯಾಬು ಬೇರೆ ತೋರಿಸುತ್ತಿತ್ತು. ಬೇವಿನ ಮರದ ಕೆಳಗೆ ಕೂತು ತುಂಬಿದ ಕಳ್ಳಿ ನಾನು. ಆ ಕ್ಷಣ ಮೈಯೆಲ್ಲ ಉರಿದುಹೋಯಿತು. ಕಳ್ಳಿ ಅನ್ನಿಸಿಕೊಂಡರೆ ಈ ಕಸುಬಿನಲ್ಲಿ ಮತ್ತೆ ಯಾರೂ ಕರೆಯುವುದಿಲ್ಲ. ಇಷ್ಟು ವರ್ಷ ಉಳಿಸಿಕೊಂಡಿದ್ದು ಅದೊಂದೇ ಹೆಸರು.

ಬನಶಂಕರಿ ಬಸ್ಸಿನಲ್ಲಿ ಕೂತು ತಲೆ ಕೆರೆದುಕೊಂಡೆ. ಯಾವುದು ನಿಜ? ಫೋನ್ ಮಾಡಿದ್ದು ಆಫೀಸಿನ ನಯವಾದ ದನಿಯ ಹುಡುಗಿ. ಅವಳ ಮುಂದೆ ದೊಡ್ಡಸ್ತಿಕೆ ತೋರಿಸಲು ಜನ ಸುಳ್ಳು ಹೇಳಿರಬೇಕು, ಇನ್ನೇನು. ಹಾಗಾದರೆ ನನ್ನ ಮುಂದೆ ಯಾಕೆ ತೋರಿಸಲಿಲ್ಲ? ನಾನೇನು ಕಡಿಮೆ? ಮನೆ ತಲುಪುವಷ್ಟರಲ್ಲಿ ನಿಶ್ಚಯ ಮಾಡಿದ್ದೆ, ಮತ್ತೆ ಹೋಗಿ ಅವರ ದನಿಯನ್ನೇ ರೆಕಾರ್ಡ್ ಮಾಡಿ ತಂದು ಈ ಮನಶ್ಶಾಸ್ತ್ರದ ಮುಂದೆ ಇಡುತ್ತೇನೆ ಅಂತ.

ಬೆಳಗ್ಗೆ ಹೋದೆ. ಕುಚ್ಚಿನ ಅಕ್ಕ ಅದೇ ತುದಿಯಲ್ಲಿ ಕೂತಿದ್ದರು, ಇವತ್ತು ಹಸಿರು ರೇಷ್ಮೆ. "ಬನ್ನಿ ಮೇಡಂ, ಮಂಡಿ ಹೆಂಗಿದೆ?" ಅಂದರು. ನಾನು ನನ್ನ ತುದಿಯಲ್ಲಿ ಕೂತು ಯಜಮಾನರನ್ನು ಕರೆದೆ. ರೆಕಾರ್ಡ್ ಮಾಡಿಕೊಳ್ಳಲಾ ಅಂತ ಅಪ್ಪಣೆ ಕೇಳಿದೆ. ಅವರು ಎದೆಯುಬ್ಬಿಸಿ ಹೇಳಿದರು, "ಮಾಡ್ಕಳವ್ವ. ದಂಡ! ದಂಡದ ಭಯ! ಬರ್ಕಂಡಾ?" ಆಟೋದವರೂ ಅದನ್ನೇ ಹೇಳಿದರು. ಹೇಳುವಾಗ ನನ್ನ ಮುಖ ನೋಡದೆ ಎಲ್ಲೋ ನೋಡುತ್ತಿದ್ದರು, ಹೋಗುವಾಗ ಏನೋ ಹೇಳಲು ಬಾಯಿ ತೆರೆದು ಹಾಗೇ ಹೊರಟುಹೋದರು. ನನಗೆ ಗೆದ್ದ ಸಂಭ್ರಮ, ಅದನ್ನೆಲ್ಲ ಯಾರು ಗಮನಿಸುತ್ತಾರೆ.

ಅಲ್ಲಿಂದ ಸೀದಾ ಆಫೀಸು. ಮೊಬೈಲನ್ನು ಮೇಜಿನ ಮೇಲಿಟ್ಟು ಯಜಮಾನರ ದನಿ ಕೇಳಿಸಿದೆ. ಸೂಪರ್‌ವೈಸರ್ ಎರಡು ಸಲ ಕೇಳಿಸಿಕೊಂಡರು. ಆಮೇಲೆ ಯಜಮಾನರ ನಂಬರಿಗೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ, ಆರೂ ಕಾರಣ ಓದಿದರು.

"ಮೂರನೇದು ಸಾಮಿ" ಅಂತು ಅದೇ ಗಂಟಲು. ಬೆಳಗಿನ ಅಬ್ಬರವಿಲ್ಲ, ಮೆತ್ತಗೆ. "ಬೇರೇರಿಗೆ ಆಗ್ಬಾರ್ದು ಅಂತ."

ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ನಿಯಮ ಗಿಯಮ ಎಲ್ಲ ಮರೆತು ಫೋನಿಗೆ ಬಾಯಿ ಹಾಕಿದೆ. "ಯಜಮಾನ್ರೇ, ನಾನು! ಜಗಲಿ ಮೇಲೆ ಕೂತಿದ್ನಲ್ಲ ನಾನು! ಬೆಳಗ್ಗೆ ದಂಡ ಅಂದ್ರಿ, ಈಗ ಬೇರೆಯವ್ರು ಅಂತೀರ. ನನ್ನ ಕೆಲ್ಸಕ್ಕೆ ಕುತ್ತು ತಂದ್ರಲ್ರೀ!"

ಆ ಕಡೆ ಅವರು ಬೇರೆಲ್ಲೋ ನಡೆದುಹೋದ ಚಪ್ಪಲಿ ಸದ್ದು.

"ಅಯ್ಯೋ ನಮ್ಮವ್ವ, ಅಲ್ಲಿ ಆ ಹೆಣ್ಮಗಳು ಕೂತಿತ್ತಲ್ಲ. ಅವಳೆದುರಿಗೇ ಹೆಂಗೆ ಹೇಳೋದು?"

ಆಗ ಹೇಳಿದರು. ಕುಚ್ಚಿನ ಅಕ್ಕನಿಗೆ ಕಿಡ್ನಿ ಹೋಗಿತ್ತು. ಹೆತ್ತ ತಾಯಿಯೇ ಒಂದು ಕಿಡ್ನಿ ಕೊಟ್ಟಿದ್ದರು, ತಾಯಿ ಅದೇ ಮನೆಯೊಳಗಿದ್ದರು. ಹಾಕಿದ ಕಿಡ್ನಿ ಮೈಗೆ ಒಗ್ಗಲಿ ಅಂತ ಕೊಡುವ ಮಾತ್ರೆಯಿಂದ ರೋಗ ತಡೆಯುವ ಶಕ್ತಿ ಕಡಿಮೆಯಾಗುತ್ತದೆ, ಸಣ್ಣ ನೆಗಡಿಯೂ ಅವರಿಗೆ ದೊಡ್ಡದು. "ಅವ್ವನ ಮೈ ಕುಯ್ಸಿ ಬದುಕ್ದೆ ಅಂತ ಆರು ತಿಂಗ್ಳು ಅತ್ತವ್ಳೆ ಕಣವ್ವ. ಯಾರ ಹಂಗೂ ಆಗಲ್ಲ ಅವ್ಳಿಗೆ. ಮೊದಲ್ನೇ ಲಾಕ್‌ಡೌನಾಗೆ ನಮ್ ಮಗನ ನಿಶ್ಚಿತಾರ್ಥ ಇತ್ತು, ಬೀದೀಲಿ ಬ್ಯಾಡ ಅಂತ ಬೇರೆ ಕಡೆ ಮಾಡುದ್ವಿ. ನಮ್ಮವಳು ಬಾಯಿ ತಪ್ಪಿ, ನಿನ್ ಸಲುವಾಗೇ ಕಣೆ ಅಂದ್ಬುಟ್ಲು. ಮಾರನೇ ದಿನ ಲಗೇಜ್ ಆಟೋ ತರ್ಸಿ ಪಾತ್ರೆ ಪಗಡ ತುಂಬ್ತಾವ್ಳೆ! ನಿಮಗೆಲ್ಲ ನಾನು ಭಾರ ಆಗಲ್ಲ, ಊರಾಚೆ ಎಲ್ಲಾದ್ರೂ ಹೋಯ್ತೀನಿ ಅಂತ. ಆಸ್ಪತ್ರೆ ಇಲ್ಲೇ ಹತ್ರ, ಎಲ್ಲಿಗೆ ಹೋದಾಳು? ನಾನೂ ಆ ಆಟೋ ಹುಡುಗನೂ ಸೇರಿ ಎಲ್ಲಾನೂ ಇಳಿಸುದ್ವಿ. ಅವತ್ತಿಂದ ನಮ್ ಬೀದೀಲಿ ಕೇಳುದ್ರೆ ಎಲ್ಲಾರೂ ದಂಡಕ್ಕೆ ಹೆದ್ರ್ಕಳೋರೇ. ಮಾರ್ಷಲ್ ಬರ್ತಾವ್ನೆ ಅಂತ ನಾನೇ ದಿನಕ್ಕೊಂದ್ಸಲ ಕೂಗ್ತೀನಿ."

ಸೂಪರ್‌ವೈಸರ್ ಪೆನ್ನು ಕೆಳಗಿಟ್ಟಿದ್ದರು. ನಾನು ಮೆಲ್ಲಗೆ ಕೇಳಿದೆ, "ಹಂಗಾದ್ರೆ ಮೂರನೇದೇ ನಿಜಾನಾ ಯಜಮಾನ್ರೇ?"

"ಹೂಂ. ಅಂದ್ರೆ... ಅವಳಿಗೆ ಬಂದ್ರೆ ನಮ್ಮವಳು ಆರೈಕೆ ಮಾಡಕ್ಕೆ ಓಡ್ತಾಳೆ, ಹೇಳುದ್ರೆ ಕೇಳಲ್ಲ, ಇವಳಿಗೂ ಬರ್ತದೆ. ಆಮೇಲೆ ಅವ್ವ ಕೊಟ್ಟ ಕಿಡ್ನಿ ನಮ್ ಬೀದೀಲಿ ಹಾಳಾಯ್ತು ಅಂದ್ರೆ ನಮ್ ಮಾನ ಉಳೀತದಾ? ನನಗೂ ವಯಸ್ಸಾಯ್ತು, ನಂದೂ ಒಂದು ಭಯ ಅಂತ ಇರಲ್ವಾ? ನೀವೇ ಯಾವ್ದಾರಾ ಒಂದು ಬರ್ಕಳಿ."

ಫೋನ್ ಇಟ್ಟಮೇಲೆ ನಾವಿಬ್ಬರೂ ಕಾರ್ಡನ್ನೇ ನೋಡುತ್ತ ಕೂತೆವು. ಯಜಮಾನರು ಒಂದೇ ಉಸಿರಿನಲ್ಲಿ ಎರಡು, ಐದು, ಒಂದು, ಮೂರು ಎಲ್ಲವನ್ನೂ ಹೇಳಿದ್ದರು. ನಾಲ್ಕನ್ನು ಬಿಟ್ಟು. ಆ ನಾಲ್ಕನ್ನೇ ನಾನು ಹನ್ನೊಂದು ಸಲ ಒತ್ತಿದ್ದೆ.

ಕಳ್ಳಿ ಅಲ್ಲ ಅಂತ ಸಾಬೀತಾಯಿತು, ಖುಷಿಪಡಬೇಕಿತ್ತು. ಪಡಲಿಲ್ಲ. ಯಾಕೆಂದರೆ ಸೂಪರ್‌ವೈಸರ್ ಕಣ್ಣು ಹೊಳೆಯುತ್ತಿತ್ತು. "ಮೇಡಂ, ಸಖತ್ ಡೇಟಾ ಇದು! ಫೋನಿನ ಉತ್ತರಾನೇ ಹಾಕೋಣ. ಮಿಕ್ಕಿದ ಏಳು ಜನಕ್ಕೂ ಫೋನ್ ಮಾಡೋಣ. ಇಡೀ ಬೀದಿ ಒಬ್ರಿಗೋಸ್ಕರ!"

"ಆಮೇಲೆ ಬೀದಿ ಸಭೆ?" ಅಂದೆ.

ನಮ್ಮ ಕೆಲಸದಲ್ಲಿ ಕೊನೆಯ ಹಂತ ಅದು. ಪ್ರತಿ ಬೀದಿಗೂ ಹೋಗಿ, ನಿಮ್ಮ ಬೀದಿಯವರು ಹೀಗೆ ಹೇಳಿದ್ದಾರೆ ನೋಡಿ ಅಂತ ಓದಿ ಹೇಳಿ, ಚಾರ್ಟು ಅಂಟಿಸಿ ಬರಬೇಕು. ಆ ಬೀದಿಯಲ್ಲಿ ನಾಲ್ಕು ಜನ ಕೂರುವಂಥ ಜಾಗ ಒಂದೇ, ಆ ಜಗಲಿ. ಅಲ್ಲೇ ನಿಂತು ‘ಬೇರೆಯವರಿಗಾಗಿ’ ಅಂತ ಓದಬೇಕು. ಅಕ್ಕ ಕುಚ್ಚು ಕಟ್ಟುತ್ತ ಕೇಳಬೇಕು. ಮತ್ತೆ ಲಗೇಜ್ ಆಟೋ ಬರಬೇಕು.

"ಹಾಗಾದ್ರೆ ನೀವು ಮೊದ್ಲು ತಂದಿದ್ದನ್ನೇ, ನಾಲ್ಕನ್ನೇ ಇಟ್ಬಿಡೋಣ್ವಾ?" ಅಂದರು ಅರೆಮನಸ್ಸಿನಲ್ಲಿ. ಅದು ಸುಳ್ಳು ಅಂತ ಈಗ ಇಬ್ಬರಿಗೂ ಗೊತ್ತು. ಗೊತ್ತಿದ್ದೂ ಇಟ್ಟರೆ ಬೇವಿನ ಮರದ ಕೆಳಗಿನ ಕಳ್ಳರಿಗೂ ನಮಗೂ ಏನು ವ್ಯತ್ಯಾಸ? ನಿಜ ಹಾಕಿದರೆ ಅವರು ಬೀದಿ ಬಿಡುತ್ತಾರೆ, ಸುಳ್ಳು ಹಾಕಿದರೆ ನಾನು ಕಸುಬು ಬಿಟ್ಟ ಹಾಗೆ. ತಲೆ ಗಿರ್ ಅನ್ನುತ್ತಿತ್ತು. ಕೆಳಗೆ ಹೋಗಿ ಒಂದು ಟೀ ಕುಡಿದೆ, ಮೇಲೆ ಬಂದೆ, ಮತ್ತೆ ಕೆಳಗೆ ಹೋದೆ.

ಎರಡನೇ ಟೀ ಕುಡಿಯುವಾಗ ಹೊಳೆಯಿತು, ಮೂರನೆಯ ದಾರಿಯೊಂದಿದೆ, ಅದಕ್ಕೆ ನನ್ನ ತಪ್ಪನ್ನು ನಾನೇ ಬರೆದುಕೊಡಬೇಕು. ಉತ್ತರ ಕೊಡುವಾಗ ಪಕ್ಕದಲ್ಲಿ ಯಾರೂ ಇರಬಾರದೆಂಬುದು ನಿಯಮ. ಹನ್ನೊಂದು ಜನರನ್ನೂ ನಾನು ಇನ್ನೊಬ್ಬರ ಜಗಲಿಗೆ ಕರೆಸಿ, ಅವರ ಕಿವಿಗೆ ಬೀಳುವಂತೆ ಕೇಳಿದ್ದೆ. ಆ ಬೀದಿಯವರು ನಿಜ ಬಿಟ್ಟು ದಂಡ ಅಂತ ಹೇಳುವಂತೆ ಮಾಡಿದವಳೇ ನಾನು. ಅದನ್ನು ಬರೆದರೆ ಬೀದಿಗೆ ಬೀದಿಯೇ ಅಧ್ಯಯನದಿಂದ ರದ್ದು. ಬೀದಿ ರದ್ದಾದರೆ ಸಭೆಯಿಲ್ಲ, ಚಾರ್ಟಿಲ್ಲ.

ಬರೆದೆ. ‘ಮಂಡಿ ನೋವಿನ ಕಾರಣ ಒಂದೇ ಜಾಗದಲ್ಲಿ ಕೂತು, ಇತರರ ಸಮ್ಮುಖದಲ್ಲಿ ಪ್ರಶ್ನೆ ಕೇಳಿರುತ್ತೇನೆ.’ ಕೆಳಗೆ ಸಹಿ. ಯಾರ ಸಮ್ಮುಖ ಅಂತ ಬರೆಯಲಿಲ್ಲ.

ಸೂಪರ್‌ವೈಸರ್ ಓದಿ, "ಮೇಡಂ, ಇದು ಫೈಲ್‌ಗೆ ಹೋದ್ರೆ ನಿಮ್ಮ ಮಿಕ್ಕಿದ ಫಾರಂಗಳನ್ನೂ ಪೂರ್ತಿ ತಪಾಸಣೆ ಮಾಡ್ತಾರೆ. ಅರೆಕೆರೇಲಿ ಹೊಸ ಬೀದಿ ಮೊದಲಿಂದ ಮಾಡ್ಬೇಕಾಗತ್ತೆ. ಮುಂದಿನ ಕೆಲ್ಸಕ್ಕೆ ನಿಮ್ಮ ಹೆಸರು ಹೇಳೋದು ನನಗೂ ಕಷ್ಟ" ಅಂದರು.

"ಮಾಡ್ಲಿ ಬಿಡಿ."

"ಯಾಕೆ ಮೇಡಂ? ಅವರ ಪರಿಚಯಾನೂ ಇಲ್ಲ ನಿಮಗೆ."

"ಆರು ಕಾರಣ ಓದಿ, ಒಂದನ್ನ ಆರಿಸ್ತೀನಿ" ಅಂದೆ. ಕೋಪದಲ್ಲಿ ಅಂದದ್ದು, ಆದರೆ ಅವರು ನಿಜಕ್ಕೂ ಕಾರ್ಡಿನ ಕಡೆ ನೋಡಿದರು. ನಾನೂ ನೋಡಿದೆ. ನನ್ನದು ಅದರಲ್ಲಿ ಎಲ್ಲೂ ಕಾಣಲಿಲ್ಲ. ನೀರು ಕೊಟ್ಟರು ಅಂತಲೇ? ಹೆಸರು ಹೋಗುವಾಗ ಸುಳ್ಳಿನಿಂದ ಹೋಗದಿರಲಿ ಅಂತಲೇ? ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ.

ಬೀದಿ ರದ್ದಾಗಿದೆ ಅಂತ ಉತ್ತರ ಕೊಟ್ಟವರಿಗೆ ತಿಳಿಸುವುದು ಕ್ರಮ. ವಾರ ಬಿಟ್ಟು ಹೋದೆ. ಈ ಸಲ ಮನೆಮನೆಯ ಬಾಗಿಲಿಗೆ ಹೋಗಿ, ಮಂಡಿಯನ್ನು ಬೈದುಕೊಂಡು ನಿಂತೇ ಹೇಳಿದೆ. ಯಜಮಾನರು ಕೈ ಮುಗಿದರು. ವಾಪಸು ಬರುವಾಗ ಜಗಲಿಯಿಂದ ಕರೆ ಬಂತು.

"ಏನ್ ಮೇಡಂ, ಇವತ್ತು ಕೂರೋದೇ ಇಲ್ವಾ? ಎಲ್ಲಾರ್ನೂ ಕೇಳಿದ್ರಿ, ನನ್ನೊಬ್ಳನ್ನ ಬಿಟ್ಬಿಟ್ರಲ್ಲ."

"ನಿಮ್ಮನೆ ಲೆಕ್ಕಕ್ಕೆ ಬರ್ಲಿಲ್ಲ ಅಕ್ಕ. ಈಗಂತೂ ಇಡೀ ಬೀದೀನೇ ಲೆಕ್ಕದಲ್ಲಿಲ್ಲ."

"ಸುಮ್ನೆ ಕೇಳಿ ಪರ್ವಾಗಿಲ್ಲ. ಎಲ್ಲಾರ್ದೂ ಕೇಳಿಸ್ಕೊಂಡು ನನಗೂ ಆಸೆ ಆಗಿದೆ."

ಟ್ಯಾಬನ್ನು ಚೀಲದಲ್ಲೇ ಬಿಟ್ಟು ಕಾರ್ಡು ತೆಗೆದು ಜಗಲಿಯ ಮಧ್ಯದಲ್ಲಿಟ್ಟೆ. ಅವರು ಎದ್ದು ಬಂದು, ಮುಟ್ಟದೆ, ಬಗ್ಗಿ ಓದಿದರು. ಒಂದನೆಯದೇ ಅಂತ ನಾನು ಮನಸ್ಸಿನಲ್ಲಿ ಆಗಲೇ ಬರೆದುಕೊಂಡಿದ್ದೆ, ಅವರದಲ್ಲದೆ ಇನ್ಯಾರದು ಒಂದು? ಅವರ ಬೆರಳು ಒಂದನ್ನು ದಾಟಿತು, ಎರಡನ್ನು ದಾಟಿತು, ಮೂರರ ಮೇಲೆ ನಿಂತಿತು.

"ಅಕ್ಕಾ, ಅದು ಬೇರೆಯವ್ರಿಗೆ ಅಂತ" ಅಂದೆ.

"ಓದಕ್ಕೆ ಬರತ್ತೆ ಮೇಡಂ." ನಕ್ಕರು, ಕಣ್ಣಲ್ಲಿ ಗೊತ್ತಾಯಿತು. ದನಿ ತಗ್ಗಿಸಿದರು. "ನನಗೇನಾದ್ರೂ ಆದ್ರೆ ಯಾರಿಂದ ಬಂತು, ಯಾರಿಂದ ಬಂತು ಅಂತ ಇಡೀ ಬೀದಿ ಕೊರಗತ್ತೆ. ಆ ಯಜಮಾನ್ರಂತೂ ನಾನೇ ತಂದೆ ಅಂತ ಊಟ ಬಿಡ್ತಾರೆ. ಇಷ್ಟೆಲ್ಲಾ ಮಾಡೋರಿಗೆ ಆ ಪಾಪ ಯಾಕೆ ಅಂಟಿಸ್ಲಿ ಹೇಳಿ? ಅದಕ್ಕೇ ಹುಷಾರಾಗಿರ್ತೀನಿ."

ಇವರ ದಂಡದ ಕಥೆ ಗೊತ್ತಾ ಅಕ್ಕ ನಿಮಗೆ ಅಂತ ಕೇಳಬೇಕೆನ್ನಿಸಿತು, ಕೇಳಲಿಲ್ಲ.

ಅಷ್ಟರಲ್ಲಿ ಬೀದಿಯ ತುದಿಯಿಂದ ಯಜಮಾನರ ಗಂಟಲು ಕೇಳಿಸಿತು. "ಮಾಸ್ಕ್ ಏರಿಸ್ಕಳ್ರಪ್ಪೋ! ಮಾರ್ಷಲ್ ಬರ್ತಾವ್ನೆ, ದಂಡ ಹಾಕ್ತಾನೆ!" ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಅಕ್ಕ ಎರಡೂ ಮಾಸ್ಕನ್ನು ಮೂಗಿನ ಮೇಲೆ ಒತ್ತಿಕೊಂಡು, ಅಷ್ಟೇ ಜೋರಾಗಿ ಕೂಗಿದರು. "ಹಾಕ್ಕೊಂಡಿದೀನಿ ಯಜಮಾನ್ರೇ! ದಂಡ ಕಟ್ಟೋ ಶಕ್ತಿ ನನಗೆಲ್ಲಿದೆ?"

ಆಮೇಲೆ ತಮ್ಮ ತುದಿಗೆ ಹೋಗಿ ಕೂತು ಸೀರೆಯ ಸೆರಗನ್ನು ಮಡಿಲಿಗೆ ಎಳೆದುಕೊಂಡರು. ನಾನು ಕಾರ್ಡನ್ನು ಒರೆಸಿ ಚೀಲಕ್ಕೆ ಹಾಕಿಕೊಂಡು, ನನ್ನ ಮಾಸ್ಕನ್ನೂ ಸರಿಮಾಡಿಕೊಂಡು, ಅರೆಕೆರೆಯ ಬಸ್ಸಿಗೆ ಹೊರಟೆ.